ಬೋರ್ ಒಂದೇ, ಬಾಳಿಕೆ ಬೇರೆ

ಯಮಹಾದ ಹಳೇ ಟೂ-ಸ್ಟ್ರೋಕ್ ಬೈಕ್ ಆರ್‌ಡಿ 350 (ಇಲ್ಲಿ ಅದರ ಹೆಸರು ರಾಜ್‌ದೂತ್ 350) ಇಟ್ಟುಕೊಂಡವರು ಎಂಜಿನ್ ಬಿಚ್ಚಿಸಲು ಬಂದಾಗ ಒಮ್ಮೆಯಾದರೂ ಕೇಳುತ್ತಾರೆ: "ಇದನ್ನೇ ಟಿಝಡ್ ಥರ ಮಾಡೋಕೆ ಆಗಲ್ವಾ?"

ಕೇಳುವುದರಲ್ಲಿ ತಪ್ಪಿಲ್ಲ. ಯಮಹಾ 1973ರಲ್ಲಿ ತಂದ ಟಿಝಡ್ 350 ರೇಸ್ ಬೈಕಿಗೂ, ಎಸ್ಕಾರ್ಟ್ಸ್ ಕಂಪನಿ ಹತ್ತು ವರ್ಷದ ನಂತರ ಇಲ್ಲಿ ತಯಾರಿಸಿದ ರಾಜ್‌ದೂತ್ 350ಗೂ ಬೋರ್ (ಸಿಲಿಂಡರಿನ ಒಳ ಅಗಲ) 64 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 54 ಮಿ.ಮೀ. ಎರಡೂ 347 ಸಿಸಿ. ಆದರೆ ನಮ್ಮ ಆರ್‌ಡಿಯ ಹೈ ಟಾರ್ಕ್ ಮಾಡೆಲ್‌ನ ಶಕ್ತಿ 30.5 ಬಿಎಚ್‌ಪಿ, ಟಿಝಡ್‌ನದು ಸುಮಾರು 60.

ಆ ಇಮ್ಮಡಿ ಶಕ್ತಿ ಸುಮ್ನೆ ಬಂದದ್ದಲ್ಲ. ಆರ್‌ಡಿಯಲ್ಲಿ ರೀಡ್ ವಾಲ್ವ್ (ಒಳಬಂದ ಗಾಳಿ-ಪೆಟ್ರೋಲ್ ಹಿಂದಕ್ಕೆ ಹೋಗದಂತೆ ತಡೆಯುವ ತೆಳು ಪಟ್ಟಿ) ಇದೆ, ಹಾಗಾಗಿ ನಿಧಾನಕ್ಕೆ ಓಡಿಸಿದರೂ ಉಸಿರಾಡುತ್ತದೆ. ಟಿಝಡ್‌ನಲ್ಲಿ ಅದಿಲ್ಲ, ಪಿಸ್ಟನ್ನೇ ಬಾಗಿಲು ತೆಗೆದು ಮುಚ್ಚುತ್ತದೆ. ಪೋರ್ಟುಗಳು (ಸಿಲಿಂಡರ್ ಗೋಡೆಯ ಕಿಂಡಿಗಳು) ದೊಡ್ಡವು. ಎಕ್ಸ್‌ಪಾನ್ಶನ್ ಚೇಂಬರ್, ಅಂದರೆ ಹೊಟ್ಟೆ ಉಬ್ಬಿದ ಸೈಲೆನ್ಸರ್ ಪೈಪ್, ಕೆಲಸ ಮಾಡುವುದೇ ಮೇಲಿನ ಆರ್‌ಪಿಎಂನಲ್ಲಿ. ಕೆಳಗೆ ಜೀವವೇ ಇಲ್ಲ. ಕಿಕ್ಕರ್ ಕೂಡ ಇಲ್ಲ, ತಳ್ಳಿಯೇ ಸ್ಟಾರ್ಟ್ ಮಾಡಬೇಕು. ಬಿಸಿಗೆ ಶಕ್ತಿ ಸೋರಿ ಹೋಗಬಾರದೆಂದು ನೀರಿನ ಕೂಲಿಂಗ್.

ಬಾಳಿಕೆಯ ಲೆಕ್ಕವೂ ಬೇರೆ. ಆರ್‌ಡಿ ಬೋರಿಗೆ ಕಬ್ಬಿಣದ ಸ್ಲೀವ್ (ಒಳಕೊಳವೆ) ಇದೆ. ಸವೆದರೆ ರೀಬೋರ್ ಮಾಡಿಸಿ (ಒಳಗೋಡೆ ಕೊರೆದು ಅಗಲ ಮಾಡಿಸಿ) ಓವರ್‌ಸೈಜ್ ಪಿಸ್ಟನ್ ಹಾಕಿದರಾಯಿತು. ಟಿಝಡ್‌ನದು ಅಲ್ಯೂಮಿನಿಯಂ ಮೇಲೆ ಕ್ರೋಮ್ ಲೇಪ. ಲೇಪ ಕಿತ್ತರೆ ರೀಬೋರ್ ಮಾತೇ ಇಲ್ಲ, ಮತ್ತೆ ಲೇಪ ಮಾಡಿಸಬೇಕು, ಇಲ್ಲವೇ ಬೇರೆ ಸಿಲಿಂಡರ್ ಹುಡುಕಬೇಕು. ಪಿಸ್ಟನ್, ರಿಂಗ್, ಕ್ರ್ಯಾಂಕ್ ಎಲ್ಲವೂ ಆಗಾಗ ಬದಲಿಸುವ ಸಾಮಾನುಗಳೇ.

ಇನ್ನು ಜೆಟ್ಟಿಂಗ್, ಅಂದರೆ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಬಿಡುವ ತೂತಿನ (ಜೆಟ್) ಅಳತೆ ಹೊಂದಿಸುವುದು. ಇದು ಟ್ಯೂನ್ ಮಾಡಿದ ಆರ್‌ಡಿಗೂ ಅನ್ವಯ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಗಾಳಿ ತೆಳು. ಇಲ್ಲಿ ಸರಿಯಾಗಿ ಕೂತ ಮೇನ್ ಜೆಟ್ ಚೆನ್ನೈ ಹತ್ತಿರದ ಇರುಂಗಾಟ್ಟುಕೊಟ್ಟೈ ರೇಸ್ ಟ್ರ್ಯಾಕಿನಲ್ಲಿ, ಸಮುದ್ರಮಟ್ಟದ ದಟ್ಟ ಗಾಳಿಗೆ, ಲೀನ್ ಆಗುತ್ತದೆ, ಅಂದರೆ ಪೆಟ್ರೋಲ್ ಸಾಲದೆ ಹೋಗುತ್ತದೆ. ಉದ್ದನೆಯ ಸ್ಟ್ರೇಟ್‌ನಲ್ಲಿ ಪಿಸ್ಟನ್ ಬಿಸಿಗೆ ಹಿಗ್ಗಿ ಸಿಲಿಂಡರಿನಲ್ಲಿ ಹಿಡಿದುಕೊಳ್ಳುವುದು ಹೀಗೇ. ದೊಡ್ಡ ಜೆಟ್‌ನಿಂದ ಶುರು ಮಾಡಿ. ಹೊಸ ಸ್ಪಾರ್ಕ್ ಪ್ಲಗ್ ಹಾಕಿ, ಫುಲ್ ಥ್ರಾಟಲ್‌ನಲ್ಲಿ ಹೋಗುತ್ತಿರುವಾಗಲೇ ಇಗ್ನಿಶನ್ ಆಫ್ ಮಾಡಿ ಕ್ಲಚ್ ಹಿಡಿಯಿರಿ, ಉರುಳಿಕೊಂಡು ಬಂದು ನಿಲ್ಲಿ. ಪ್ಲಗ್ ಬಿಚ್ಚಿ, ಪಿಂಗಾಣಿಯ ಬುಡ ನೋಡಿ. ಕಾಫಿಪುಡಿ ಬಣ್ಣವಿದ್ದರೆ ನೆಮ್ಮದಿ. ಬೆಳ್ಳಗಿದ್ದರೆ ಲೀನ್ ಅಂತ ಅರ್ಥ, ಇನ್ನೊಂದು ಸುತ್ತು ಹೋಗಲೇಬೇಡಿ. ಐಡ್ಲಿಂಗ್‌ನಲ್ಲಿ ನಿಲ್ಲಿಸಿ ನೋಡಿದ ಪ್ಲಗ್ ಏನನ್ನೂ ಹೇಳುವುದಿಲ್ಲ.

ವಿದೇಶದಲ್ಲಿರುವ ಗೆಳೆಯರು ಹಳೇ ಟಿಝಡ್ ಕೊಳ್ಳಬಹುದಾ ಎಂದು ಫೋಟೋ ಕಳಿಸುವುದುಂಟು. ಇದು ದುಡ್ಡು ಕೊಟ್ಟ ಯಾರಿಗಾದರೂ ಸಿಗುತ್ತಿದ್ದ ರೇಸ್ ಬೈಕ್. 1980ರಲ್ಲಿ ದಕ್ಷಿಣ ಆಫ್ರಿಕಾದ ಜಾನ್ ಎಕೆರೋಲ್ಡ್ ಇಟಲಿಯ ಬಿಮೋಟಾ ಕಂಪನಿಯ ಫ್ರೇಮಿಗೆ ಇದೇ ಎಂಜಿನ್ ಕೂರಿಸಿ, ಕವಾಸಾಕಿಯ ಆಂಟನ್ ಮಾಂಗ್‌ರನ್ನು ಹಿಂದಿಕ್ಕಿ 350 ಸಿಸಿ ವಿಶ್ವ ಚಾಂಪಿಯನ್ ಆದರು. ಫ್ರೇಮ್, ಬ್ರೇಕ್, ಸಿಲಿಂಡರ್ ಬದಲಿಸುವುದು ಆಗ ಮಾಮೂಲಿ. ಅದಕ್ಕೇ ಫ್ಯಾಕ್ಟರಿಯಿಂದ ಬಂದ ಹಾಗೇ ಉಳಿದ ಬೈಕ್ ಅಪರೂಪ. 1973ರ ಮಾಡೆಲ್‌ಗೆ ಮುಂದೆ ಇದ್ದದ್ದು ಡ್ರಮ್ ಬ್ರೇಕ್. ಡಿಸ್ಕ್ ಕಂಡರೆ ಆಮೇಲೆ ಹಾಕಿದ್ದು ಅಂತಲೇ ಅರ್ಥ. ಅದು ಮೋಸ ಅಂತಲ್ಲ. ನನ್ನ ಕೇಳಿದರೆ, ನಿಜವಾಗಿ ರೇಸ್ ಓಡಿದ ಗಾಡಿಗೆ ಆ ಗುರುತೇ ಚೆಂದ. ಪೇಂಟ್ ಹೊಳಪಿಗೆ ಮಾತ್ರ ಮರುಳಾಗಬೇಡಿ. ಹೆಡ್ ಬಿಚ್ಚಿಸಿ ಕ್ರೋಮ್ ನೋಡಿ, ಕ್ರ್ಯಾಂಕ್ ಯಾವಾಗ ಬದಲಿಸಿದ್ದು ಎಂದು ಕೇಳಿ, ಆಮೇಲೆ ರೇಟ್ ಮಾತಾಡಿ.