ಬಾವುಟ ಖಾದಿಯದೇ ಆಗಬೇಕಾ? ತುಳಸಿಗೇರಿ ಮಗ್ಗದವರೆಗೆ ಬಂದ ಹಳೆಯ ಜಗಳ

ಆಗಸ್ಟ್ ಬಂತೆಂದರೆ ಬಾಗಲಕೋಟೆ ಕಡೆ ಈ ಮಾತು ಶುರುವಾಗುತ್ತದೆ. ಪಾಲಿಸ್ಟರ್ ಬಾವುಟ ಹಾರಿಸಿದರೆ ತಪ್ಪಲ್ವಾ ಅಂತ ಒಬ್ಬರು, ಬಾವುಟ ಅಂದಮೇಲೆ ಬಟ್ಟೆ ಯಾವುದಾದರೇನು ಅಂತ ಇನ್ನೊಬ್ಬರು. ಕಾನೂನಿನ ಪ್ರಕಾರ ಈಗ ತಪ್ಪಲ್ಲ. ಆದರೆ ಜಗಳ ಕಾನೂನಿನದಷ್ಟೇ ಅಲ್ಲ.

1921ರಲ್ಲಿ ಪಿಂಗಳಿ ವೆಂಕಯ್ಯನವರು ಗಾಂಧೀಜಿಗೆ ಬಾವುಟದ ನಮೂನೆ ತೋರಿಸಿದರು. ಅದರಿಂದ ಬೆಳೆದ ಬಾವುಟದ ಮೇಲೆ ಚರಕ ಇತ್ತು. ಬಣ್ಣಗಳನ್ನು ಒಂದೊಂದು ಧರ್ಮಕ್ಕೆ ಹಂಚಿದ್ದಕ್ಕೆ ತಕರಾರು ಬಂತು, 1931ರಲ್ಲಿ ಕೇಸರಿ, ಬಿಳಿ, ಹಸಿರು ಅಂತ ಮಾಡಿ ಬಣ್ಣಕ್ಕೂ ಧರ್ಮಕ್ಕೂ ಸಂಬಂಧ ಇಲ್ಲ ಎಂದು ಕಾಂಗ್ರೆಸ್ ಹೇಳಿತು. ಚರಕ ಮಾತ್ರ ಉಳಿಯಿತು. ಅದು ಬರೀ ಚಿತ್ರ ಆಗಿರಲಿಲ್ಲ. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಅಧಿವೇಶನ, 1924ರ ಬೆಳಗಾವಿ ಅಧಿವೇಶನದಲ್ಲಿ, ಕಾಂಗ್ರೆಸ್ ಸದಸ್ಯರಾಗಲು ದುಡ್ಡಿನ ಬದಲು ತಿಂಗಳಿಗೆ 2,000 ಗಜ ನೂಲು ಕೊಡಬೇಕು ಎನ್ನುವ ನಿಯಮಕ್ಕೆ ಒಪ್ಪಿಗೆ ಸಿಕ್ಕಿತ್ತು. ಆ ನಿಯಮ ಬಹಳ ದಿನ ಬಾಳಲಿಲ್ಲ, ಅದು ಬೇರೆ ಮಾತು.

1947ರ ಜುಲೈ 22ರಂದು ಸಂವಿಧಾನ ಸಭೆ ಈಗಿನ ಬಾವುಟ ಒಪ್ಪಿತು. ಚರಕ ಹೋಗಿ 24 ಅರಗಳ ಅಶೋಕ ಚಕ್ರ ಬಂತು. ನೆಹರೂ ಕೊಟ್ಟ ಕಾರಣ ಸರಳ: ಚರಕ ಹಿಂಬದಿಯಿಂದ ತಿರುವುಮುರುವಾಗಿ ಕಾಣುತ್ತದೆ, ಚಕ್ರಕ್ಕೆ ಆ ತೊಂದರೆ ಇಲ್ಲ. ಚರಕವೇ ಇಲ್ಲದ ಬಾವುಟಕ್ಕೆ ನಾನು ವಂದಿಸುವುದಿಲ್ಲ ಎಂದು ಗಾಂಧೀಜಿ ಬೇಸರದಿಂದ ಬರೆದರು. ಅಂದು ಸಭೆಯಲ್ಲಿ ನೆಹರೂ ತೋರಿಸಿದ್ದು ಎರಡು ಬಾವುಟ, ಒಂದು ರೇಷ್ಮೆಯದು, ಒಂದು ಹತ್ತಿ ಖಾದಿಯದು. ಚಿತ್ರದಿಂದ ಹೋದ ಚರಕ ಬಟ್ಟೆಯಲ್ಲಿ ಉಳಿಯಿತು ಅಂತಲೇ ನನಗನಿಸುತ್ತದೆ, ಯಾಕೆಂದರೆ ಮುಂದೆ ನಿಯಮದಲ್ಲೂ ಕೈಯಿಂದ ನೂತು, ಕೈಯಿಂದ ನೇಯ್ದ ಖಾದಿಯೇ ಆಗಬೇಕು ಅಂತ ಬಂತು. ವಸ್ತುಗಳ ಗುಣಮಟ್ಟಕ್ಕೆ ನಮ್ಮ ದೇಶ ಗೊತ್ತುಮಾಡಿದ ಮಾನಕಗಳಲ್ಲಿ ಮೊದಲನೆಯದು, ಐಎಸ್ 1, ಬಾವುಟದ್ದೇ.

ಇಲ್ಲಿಗೆ ಬರುವುದು ನಮ್ಮ ಜಿಲ್ಲೆ. ಹನುಮಪ್ಪನ ಗುಡಿಗೆ ಹೆಸರಾದ ತುಳಸಿಗೇರಿಯಲ್ಲಿ ಬಾವುಟದ ಬಟ್ಟೆ ತಯಾರಾಗುತ್ತದೆ. ಅದು ಹುಬ್ಬಳ್ಳಿಯ ಬೆಂಗೇರಿಗೆ ಹೋಗುತ್ತದೆ. ಅಲ್ಲಿ, 1957ರಲ್ಲಿ ಶುರುವಾದ ಖಾದಿ ಸಂಘದಲ್ಲಿ, ಬಟ್ಟೆಗೆ ಬಣ್ಣ ಹಾಕಿ, ಬಿಳಿ ಪಟ್ಟಿಯ ಎರಡೂ ಬದಿಗೆ ಚಕ್ರ ಅಚ್ಚು ಹಾಕಿ, ಹೊಲಿಯುತ್ತಾರೆ. ಎರಡು ಚಕ್ರ ಒಂದರ ಬೆನ್ನಿಗೆ ಒಂದು ಕರಾರುವಾಕ್ಕಾಗಿ ಕೂರಬೇಕು. ದಾರ, ಬಣ್ಣ, ಅಳತೆ ಎಲ್ಲದಕ್ಕೂ ಪರೀಕ್ಷೆ ಇದೆ. ಕೆಲಸ ಮಾಡುವವರಲ್ಲಿ ಹೆಣ್ಣುಮಕ್ಕಳೇ ಜಾಸ್ತಿ. ಚಿಕ್ಕದು 150 ಮಿಲಿಮೀಟರ್ ಉದ್ದದ್ದು, ದೊಡ್ಡದು 6,300 ಮಿಲಿಮೀಟರ್, ಒಟ್ಟು ಒಂಬತ್ತು ಅಳತೆ. ನೂಲಿನಿಂದ ಬಾವುಟದವರೆಗೆ ಎಷ್ಟು ಕೈ ದಾಟುತ್ತದೆ ಅನ್ನುವುದು ಅಂಗಡಿಯಲ್ಲಿ ಬೆಲೆ ಕೇಳಿ ಮುಖ ಸಣ್ಣ ಮಾಡುವವರಿಗೆ ಗೊತ್ತಾಗುವುದಿಲ್ಲ.

ಮೊದಲು ಜನಸಾಮಾನ್ಯರು ಬೇಕಾದ ದಿನ ಬಾವುಟ ಹಾರಿಸುವಂತಿರಲಿಲ್ಲ. 2002ರ ಧ್ವಜ ಸಂಹಿತೆ ಆ ಬಾಗಿಲು ತೆರೆಯಿತು, 2004ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಹಕ್ಕು ಎಂದಿತು. ಒಳ್ಳೆಯದೇ ಆಯಿತು. 2021ರ ಡಿಸೆಂಬರ್ 30ರ ತಿದ್ದುಪಡಿ ಯಂತ್ರದ ಬಟ್ಟೆಗೂ ಪಾಲಿಸ್ಟರಿಗೂ ಅವಕಾಶ ಕೊಟ್ಟಿತು. ಮರುವರ್ಷ ಮನೆಮನೆಯಲ್ಲೂ ತಿರಂಗಾ ಅಭಿಯಾನ ಬಂತು. ಅಷ್ಟು ಕೋಟಿ ಮನೆಗೆ ಕೈಮಗ್ಗದಿಂದ ಬಾವುಟ ಕೊಡುವುದು ಆಗದ ಮಾತು, ಒಪ್ಪೋಣ. ಬಡವರ ಮನೆ ಮೇಲೂ ಬಾವುಟ ಹಾರಲಿ ಅನ್ನುವುದೂ ಸರಿಯೇ. ಆದರೆ ಶಾಲೆ, ಪಂಚಾಯ್ತಿ, ಸರ್ಕಾರಿ ಕಚೇರಿಗಳು ಖಾದಿಯದನ್ನೇ ಕೊಳ್ಳಬೇಕು ಎಂದು ಬರೆದಿದ್ದರೆ ಎರಡೂ ಉಳಿಯುತ್ತಿತ್ತಲ್ವಾ? ಬೆಂಗೇರಿಯವರು ತಿದ್ದುಪಡಿಯನ್ನು ವಿರೋಧಿಸಿದ್ದು ಸುಮ್ನೆ ಅಲ್ಲ. ಅವರಿಗೆ ಬೇಡಿಕೆ ಕಡಿಮೆಯಾದರೆ ನಮ್ಮ ಮಗ್ಗಕ್ಕೂ ಕೆಲಸ ಕಡಿಮೆ.

ಖಾದಿ ಬಾವುಟಕ್ಕೆ ನಿಷೇಧವೇನೂ ಇಲ್ಲ, ಈಗಲೂ ತರಿಸಬಹುದು. ಆಗಸ್ಟ್ ಹತ್ತಿರ ಬಂದಮೇಲೆ ಕೇಳಿದರೆ ಕೈಕೆಲಸದವರಿಗೆ ಪೂರೈಸುವುದು ಕಷ್ಟ. ನಮ್ಮ ಪಂಚಾಯ್ತಿಗಳು, ಶಾಲೆಗಳು ಯುಗಾದಿ ಹೊತ್ತಿಗೇ ಆರ್ಡರ್ ಕೊಡಲಿ.