ಸದ್ದು ಮೇಲಿನ ಮನೇದಲ್ಲ

ಟಕ್. ಟಕ್ ಟಕ್. ಸ್ವಲ್ಪ ಬಿಡುವು. ಮತ್ತೆ ಟಕ್.

ಮೈಸೂರಿನ ಕುವೆಂಪುನಗರದಲ್ಲಿ ನಾವಿರುವ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ ರಾತ್ರಿ ಹತ್ತೂವರೆಗೆ ಈ ಸದ್ದು ಶುರುವಾಗುತ್ತಿತ್ತು. ಸರಿಯಾಗಿ ತಲೆಯ ಮೇಲೇ. ಮೇಲಿನ ಮನೆಯ ಹುಡುಗರು ಗೋಲಿ ಆಡುತ್ತಿದ್ದಾರೆ ಅನ್ನುವುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಎರಡು ಸಲ ಹೋಗಿ ಹೇಳಿ ಬಂದೆ. ಮೂರನೇ ಸಲ ಹೋದಾಗ ಆ ಮನೆಯಾಕೆ ಬಾಗಿಲು ಪೂರ್ತಿ ತೆಗೆದು, "ಒಳಗೆ ಬನ್ನಿ ಸಾರ್, ನೀವೇ ನೋಡಿ" ಅಂದರು. ಹುಡುಗರಿಬ್ಬರೂ ಚಾದರ ಹೊದ್ದು ಮಲಗಿದ್ದರು. ನಾನು ಹಾಲಿನಲ್ಲಿ ಪೆಚ್ಚಾಗಿ ನಿಂತಿದ್ದಾಗಲೇ ಮತ್ತೆ ಟಕ್ ಅಂತ ಕೇಳಿಸಿತು. "ಅದು ನಿಮ್ಮ ಮನೇದೇ ಅಂದ್ಕೊಂಡಿದ್ವಿ ನಾವು" ಅಂದರು.

ಮಾನ ಹೋಯಿತು ನಿಜ. ಆದರೆ ತಲೆಗೆ ಹುಳ ಬಿಟ್ಟ ಹಾಗಾಯಿತು.

ಮಾರನೇ ರಾತ್ರಿ ಒಂದು ಸ್ಟೀಲ್ ಲೋಟ ಹಿಡಿದು ಹೊರಟೆ. ಲೋಟದ ಬಾಯಿಯನ್ನು ಗೋಡೆಗೆ ಒತ್ತಿ ತಳಕ್ಕೆ ಕಿವಿ ಇಟ್ಟರೆ ಗೋಡೆಯೊಳಗಿನ ಸದ್ದು ಚೆನ್ನಾಗಿ ಕೇಳುತ್ತದೆ. ಗೋಡೆಯಲ್ಲಿ ಟಕ್ ಮಂದವಾಗಿತ್ತು. ಮೂಲೆಯ ಪಿಲ್ಲರ್‌ಗೆ ಇಟ್ಟ ತಕ್ಷಣ ಕಿವಿಯೊಳಗೇ ಯಾರೋ ಕುಟ್ಟಿದ ಹಾಗಾಯಿತು. ಪಿಲ್ಲರ್ ಜಾಡು ಹಿಡಿದು ಮೆಟ್ಟಿಲಿಳಿದೆ. ಒಂದೊಂದು ಮಹಡಿ ಇಳಿದಂತೆ ಸದ್ದು ಜೋರಾಗುತ್ತಾ ಹೋಯಿತು. ಕೊನೆಗೆ ಸಿಕ್ಕಿದ್ದು ಮೊದಲನೇ ಮಹಡಿ. ಅದೂ ನಮ್ಮ ಮನೆಯ ನೇರಕ್ಕಲ್ಲ, ಪಕ್ಕದ ಸಾಲಿನಲ್ಲಿ. ಸೊಳ್ಳೆ ಜಾಲರಿಯ ಬಾಗಿಲಿನಾಚೆ ಎಂಬತ್ತು ದಾಟಿದ ಅಜ್ಜಿಯೊಬ್ಬರು ಕಾಲು ಚಾಚಿ ಕೂತಿದ್ದರು. ಸೀರಿಯಲ್ಲುಗಳೆಲ್ಲ ಮುಗಿದ ಮೇಲೆ ನೆಲದ ಮೇಲೆ ಕಬ್ಬಿಣದ ಕುಟ್ಟಾಣಿ ಇಟ್ಟುಕೊಂಡು ಎಲೆ ಅಡಿಕೆ ಕುಟ್ಟುತ್ತಿದ್ದರು.

ಮೊದಲನೇ ಮಹಡಿಯ ಕುಟ್ಟಾಣಿ ಮೂರನೇ ಮಹಡಿಯವನ ತಲೆಯ ಮೇಲೆ ಕುಟ್ಟಿದ್ದು ಹೇಗೆ? ಅಪಾರ್ಟ್‌ಮೆಂಟಿನ ಜಗಳಗಳಲ್ಲಿ ಎಷ್ಟೋ ಪಾಲು ಈ ಪ್ರಶ್ನೆ ಕೇಳಿಕೊಳ್ಳದೇ ಇರುವುದರಿಂದ ಹುಟ್ಟುತ್ತವೆ ಅಂತ ನನ್ನ ಲೆಕ್ಕ.

ಕಟ್ಟಡದಲ್ಲಿ ಸದ್ದಿಗೆ ಎರಡು ದಾರಿ. ಒಂದು ಗಾಳಿಯದು. ಮಾತು, ಟಿವಿ, ನಾಯಿಯ ಬೊಗಳು ಎಲ್ಲ ಆ ದಾರಿಯವು. ಇನ್ನೊಂದು ಕಟ್ಟಡದ ಮೈಯೊಳಗಿನದು. ನೆಲಕ್ಕೆ ನೇರವಾಗಿ ಪೆಟ್ಟು ಬಿದ್ದರೆ ಸದ್ದು ಆ ದಾರಿ ಹಿಡಿಯುತ್ತದೆ. ಎರಡಕ್ಕೂ ಅಜಗಜಾಂತರ.

ಗಾಳಿಯಲ್ಲಿ ಬಂದ ಸದ್ದು ಕಾಂಕ್ರೀಟಿನೊಳಗೆ ನುಗ್ಗುವುದು ಸುಲಭವಲ್ಲ. ಗಾಳಿ ತೀರಾ ಹಗುರ, ಕಾಂಕ್ರೀಟು ತೀರಾ ಭಾರ ಮತ್ತು ಬಿಗಿ. ನಂಜನಗೂಡಿನ ದೊಡ್ಡ ತೇರಿಗೆ ನವಿಲುಗರಿಯಲ್ಲಿ ಹೊಡೆದರೆ ತೇರು ಅಲುಗುತ್ತದೆಯೇ? ಗರಿಯೇ ಬಾಗಿ ವಾಪಸ್ಸು ಬರುತ್ತದೆ. ಹಾಗೇ ಗಾಳಿಯ ಅಲೆ ಗೋಡೆಗೆ ಬಡಿದಾಗ ಅದರ ಶಕ್ತಿಯಲ್ಲಿ ಸಾವಿರಕ್ಕೆ ಒಂದು ಪಾಲೂ ಒಳಗೆ ಹೋಗುವುದಿಲ್ಲ, ಉಳಿದದ್ದೆಲ್ಲ ಹಿಂದಕ್ಕೆ. ಆದರೆ ಅದೇ ತೇರಿನ ಚಕ್ರಕ್ಕೆ ಸನ್ನೆಕೋಲು ಹಾಕಿದರೆ? ಕಬ್ಬಿಣದ ಕುಟ್ಟಾಣಿ ಅಂಥದ್ದು. ಅದೂ ಗಟ್ಟಿ, ನೆಲವೂ ಗಟ್ಟಿ. ನಡುವೆ ಗಾಳಿಯ ಕಾಟವೇ ಇಲ್ಲ. ಸಿನಿಮಾ ಟಾಕೀಸಿನ ಮುಂಬಾಗಿಲಲ್ಲಿ ನೂರು ಜನ ಟಿಕೆಟ್ಟಿಗೆ ಒದ್ದಾಡುವಾಗ ಒಬ್ಬ ಹಿಂಬಾಗಿಲಿಂದ ಹೋಗಿ ಸೀಟಲ್ಲಿ ಕೂತ ಹಾಗೆ.

ಒಳಗೆ ಹೋದ ಮೇಲಂತೂ ಅದರ ಓಟ ನೋಡಬೇಕು. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಕಾಂಕ್ರೀಟಿನಲ್ಲಿ 3,000 ಮೀಟರಿಗಿಂತ ಜಾಸ್ತಿ. ಪಿಲ್ಲರ್, ತೊಲೆ, ಛಾವಣಿ ಎಲ್ಲ ಒಟ್ಟಿಗೆ ಎರಕ ಹೊಯ್ದದ್ದು, ಎಲ್ಲೂ ಕಡಿದಿಲ್ಲ. ಹಾಗಾಗಿ ಸದ್ದು ಹೆಚ್ಚು ಸವೆಯುವುದೂ ಇಲ್ಲ. ಕೊನೆಗೆ ನಮ್ಮ ಮನೆಯ ಛಾವಣಿ ತಲುಪಿತು ಅನ್ನಿ. ಅದು ಅಗಲವಾದ ಹಲಗೆ. ವೀಣೆಯ ತಂತಿ ಒಂದೇ ಇದ್ದರೆ ಸದ್ದು ಎಷ್ಟು ಬರುತ್ತದೆ? ಬುರುಡೆ, ಹಲಗೆ ಇದ್ದಾಗಲೇ ಅಲ್ವಾ ನಾದ. ಪಿಲ್ಲರ್ ತಂತಿಯಾದರೆ ಛಾವಣಿ ಹಲಗೆ. ಅದು ಅದುರಿ ಗಾಳಿಯನ್ನು ಅದುರಿಸುತ್ತದೆ. ಕಿವಿಗೆ ಮಾತ್ರ ಸದ್ದು ಅಲ್ಲೇ ಹುಟ್ಟಿದ ಹಾಗೆ. ಬೈಸಿಕೊಂಡವರು ಮೇಲಿನ ಮನೆಯವರು.

ಇಲ್ಲಿ ಲೆನೆಕ್ ಕತೆ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. 1816ರಲ್ಲಿ ಪ್ಯಾರಿಸ್ಸಿನ ಈ ಡಾಕ್ಟರು ಒಬ್ಬ ಹೆಣ್ಣುಮಗಳ ಎದೆಬಡಿತ ಕೇಳಬೇಕಿತ್ತು. ಎದೆಗೆ ಕಿವಿ ಇಡಲು ಸಂಕೋಚ. ಕಾಗದ ಸುರುಳಿ ಸುತ್ತಿ ಒಂದು ತುದಿ ಎದೆಗೆ, ಇನ್ನೊಂದು ತುದಿ ಕಿವಿಗೆ ಇಟ್ಟರು. ಸ್ಟೆತಾಸ್ಕೋಪ್ ಹುಟ್ಟಿದ್ದು ಹೀಗೆ. ಮರದ ತೊಲೆಯ ಒಂದು ತುದಿಯನ್ನು ಪಿನ್ನಿನಿಂದ ಗೀರಿದರೆ ಇನ್ನೊಂದು ತುದಿಯಲ್ಲಿ ಸ್ಪಷ್ಟವಾಗಿ ಕೇಳುವುದು ಅವರಿಗೆ ನೆನಪಾಯಿತಂತೆ. ನಮ್ಮ ಊರಿನ ಹುಡುಗರು ರೈಲು ಹಳಿಗೆ ಕಿವಿ ಇಟ್ಟು ಬೈಸಿಕೊಳ್ಳುತ್ತಿದ್ದದ್ದೂ ಇದೇ ವಿಜ್ಞಾನ, ಡಾಕ್ಟರಾಗಲಿಲ್ಲ ಅಷ್ಟೇ.

ಅಜ್ಜಿಯ ವಿಷಯಕ್ಕೆ ಬರೋಣ. "ಕುಟ್ಟಬೇಡಿ" ಅನ್ನಲು ನಾನ್ಯಾರು? "ಅಜ್ಜಿ, ಇದರ ಕೆಳಗೆ ಏನಾದರೂ ಮೆತ್ತಗಿರೋದು ಹಾಕ್ಕೊಳ್ತೀರಾ?" ಅಂದೆ. "ಯಾಕಪ್ಪಾ, ನೆಲ ಒಡೆಯುತ್ತಾ?" ಅಂದರು. ಹಳೇ ರಬ್ಬರ್ ಮ್ಯಾಟಿನ ತುಂಡು, ಅದರ ಮೇಲೆ ನಾಲ್ಕು ಮಡಿಕೆ ಗೋಣಿಚೀಲ. ಅಷ್ಟೇ. ಅವತ್ತು ರಾತ್ರಿ ಮೂರನೇ ಮಹಡಿಯಲ್ಲಿ ಲೋಟ ಇಟ್ಟರೂ ಏನೂ ಕೇಳಲಿಲ್ಲ. ಗಟ್ಟಿ ಗಟ್ಟಿ ತಾಗಿದರೆ ಪೆಟ್ಟು ಒಂದೇ ಕ್ಷಣದಲ್ಲಿ ಮುಗಿದು ಹೋಗುತ್ತದೆ, ಅದಕ್ಕೇ ಅದು ಚೂಪು. ನಡುವೆ ಮೆತ್ತನೆಯದು ಬಂದರೆ ಅದೇ ಪೆಟ್ಟು ನಿಧಾನಕ್ಕೆ ಹರಡಿಕೊಂಡು ಮೊಂಡಾಗುತ್ತದೆ. ಕುರ್ಚಿಯ ಕಾಲು, ವಾಷಿಂಗ್ ಮೆಷಿನ್ನು, ಹೊಲಿಗೆ ಯಂತ್ರ ಎಲ್ಲಕ್ಕೂ ಇದೇ ಮದ್ದು. ಆದರೆ ಮದ್ದು ಹಾಕಬೇಕಾದ್ದು ಸದ್ದು ಹುಟ್ಟುವ ಜಾಗದಲ್ಲಿ. ಕೇಳುವವನ ಛಾವಣಿಗೆ ಏನು ಅಂಟಿಸಿದರೂ ಪ್ರಯೋಜನ ಕಡಿಮೆ.

ಅಂಟಿಸುವುದು ಅಂದಾಗ ಮೊಟ್ಟೆ ಟ್ರೇ ಜ್ಞಾಪಕಕ್ಕೆ ಬಂತು. ಗೋಡೆ ತುಂಬಾ ಮೊಟ್ಟೆ ಟ್ರೇ ಅಂಟಿಸಿದರೆ ಪಕ್ಕದ ಮನೆ ಸದ್ದು ನಿಲ್ಲುತ್ತದೆ ಅನ್ನುವ ನಂಬಿಕೆ ನಮ್ಮ ಕಾಂಪೌಂಡಿನೊಳಗೂ ಬಂದಿದೆ. ನಿಲ್ಲುವುದಿಲ್ಲ. ಫೋಮ್ ಹಾಳೆಯೂ ಅಷ್ಟೇ. ಸದ್ದನ್ನು ತಡೆಯುವುದು ತೂಕ, ಮತ್ತು ಸಂದಿಲ್ಲದ ಗೋಡೆ. ಸದ್ದನ್ನು ಹೀರುವುದು ಬೇರೆಯೇ ಕೆಲಸ. 1895ರಲ್ಲಿ ಹಾರ್ವರ್ಡಿನ ಒಂದು ಹೊಸ ಹಾಲಿನಲ್ಲಿ ಮೇಷ್ಟ್ರು ಆಡಿದ ಮಾತು ಐದು ಸೆಕೆಂಡಿಗೂ ಹೆಚ್ಚು ಹೊತ್ತು ಗುಂಯ್‌ಗುಡುತ್ತಿತ್ತು, ಪಾಠ ಯಾರಿಗೂ ಅರ್ಥವಾಗುತ್ತಿರಲಿಲ್ಲ. ವಾಲೆಸ್ ಸಬೀನ್ ಎಂಬ ಯುವ ಭೌತವಿಜ್ಞಾನಿಗೆ ರಿಪೇರಿ ಕೆಲಸ ಬಿತ್ತು. ಆತ ರಾತ್ರಿ ಹೊತ್ತು ಹತ್ತಿರದ ಥಿಯೇಟರಿನ ಸೀಟಿನ ದಿಂಬುಗಳನ್ನು ಹೊತ್ತು ತಂದು ಹಾಲಿನಲ್ಲಿ ಹಾಕಿ, ಆರ್ಗನ್ ಕೊಳವೆ ಊದಿಸಿ, ಗುಂಗು ಎಷ್ಟು ಹೊತ್ತಿಗೆ ಅಡಗುತ್ತದೆ ಅಂತ ಅಳೆದು, ಬೆಳಗಾಗುವುದರೊಳಗೆ ದಿಂಬುಗಳನ್ನು ವಾಪಸ್ ಇಡುತ್ತಿದ್ದ. ದಿಂಬು ಮಾಡಿದ್ದು ಹಾಲಿನ ಒಳಗಿನ ಗುಂಗನ್ನು ಕಡಿಮೆ. ಹೊರಗಿನ ಸದ್ದನ್ನು ಅದು ತಡೆಯಲಿಲ್ಲ, ತಡೆಯುವ ಹಾಗೂ ಇಲ್ಲ. ಮಳೆಗಾಲದಲ್ಲಿ ಮನೆಯೊಳಗೆ ನೀರು ಒರೆಸುವ ಬಟ್ಟೆ ಬೇರೆ, ಸೋರುವ ಹೆಂಚು ಸರಿಮಾಡುವುದು ಬೇರೆ.

ಇನ್ನು ನಾಯಿ.

ನಮ್ಮ ಮಹಡಿಯಲ್ಲೇ ರಾಜ ಅಂತ ಒಂದು ಇದೆ. ಯಜಮಾನಿ ಬೆಳಗ್ಗೆ ಕೆಲಸಕ್ಕೆ ಹೋದರೆ ಸಂಜೆವರೆಗೂ ಅದು ಒಂಟಿ. ಲಿಫ್ಟ್ ಸದ್ದು ಮಾಡಿದರೆ ಸಾಕು, ಶುರು. ಬೊಗಳು ಗಾಳಿಯ ದಾರಿಯದು ಅಂದೆನಲ್ಲ, ಹಾಗಾದರೆ ಗೋಡೆ ತಡೆಯಬೇಕಿತ್ತು. ಗೋಡೆ ತಡೆಯುತ್ತದೆ ಕೂಡ. ಅದು ಬರುವುದು ಸಂದಿನಲ್ಲಿ. ನೂರು ಚದರ ಅಡಿ ಗೋಡೆಯಲ್ಲಿ ಒಂದೇ ಒಂದು ಚದರ ಅಡಿ ಕಿಂಡಿ ಇದ್ದರೆ, ಉಳಿದ ತೊಂಬತ್ತೊಂಬತ್ತು ಅಡಿಯನ್ನು ಕೋಟೆ ಥರ ಕಟ್ಟಿಸಿದರೂ ಆ ಗೋಡೆ 20 ಡೆಸಿಬೆಲ್‌ಗಿಂತ ಹೆಚ್ಚು ತಡೆಯಲಾರದು. ಆದರೆ ಕಿಂಡಿಯಿಲ್ಲದ ಮಾಮೂಲಿ ಇಟ್ಟಿಗೆ ಗೋಡೆ ಸುಲಭವಾಗಿ 40 ತಡೆಯುತ್ತದೆ. ಬಾತ್‌ರೂಮಿನ ವೆಂಟಿಲೇಟರ್ ನೋಡಿ. ಅದು ತೆರೆಯುವುದು ಪೈಪುಗಳ ಡಕ್ಟಿಗೆ. ಎಲ್ಲ ಮನೆಗಳ ವೆಂಟಿಲೇಟರೂ ಅದೇ ಡಕ್ಟಿಗೆ. ಓಲಗದ ಕೊಳವೆಗೆ ರಂಧ್ರಗಳಿದ್ದ ಹಾಗೆ. ಒಂದು ರಂಧ್ರದಲ್ಲಿ ರಾಜ ಊದುತ್ತಾನೆ, ಮಿಕ್ಕೆಲ್ಲದರಲ್ಲಿ ನಾವು ಕೇಳುತ್ತೇವೆ. ಸಾವಿರಾರು ರೂಪಾಯಿ ಫೋಮಿಗೆ ಸುರಿಯುವ ಬದಲು ಬಾಗಿಲ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ ಹಾಕಿ, ಬಾತ್‌ರೂಮಿನ ಬಾಗಿಲು ಮುಚ್ಚಿಡಿ. ಅಲ್ಲೇ ಅರ್ಧ ಕೆಲಸ ಮುಗಿಯುತ್ತದೆ.

ಡೆಸಿಬೆಲ್ ಲೆಕ್ಕವೂ ಒಂಥರಾ ತಮಾಷೆ. ಹತ್ತು ನಾಯಿ ಒಟ್ಟಿಗೆ ಬೊಗಳಿದರೆ ಒಂದು ನಾಯಿಗಿಂತ 10 ಡೆಸಿಬೆಲ್ ಜಾಸ್ತಿ, ಕಿವಿಗೆ ಹತ್ತರಷ್ಟಲ್ಲ, ಸುಮಾರು ಎರಡರಷ್ಟು. ಬೀದಿಯ ಎರಡು ನಾಯಿಗಳಲ್ಲಿ ಒಂದನ್ನು ಸುಮ್ಮನಿರಿಸಿದರೆ ಕಡಿಮೆಯಾಗುವುದು ಬರೀ 3 ಡೆಸಿಬೆಲ್. ಗೊತ್ತಾಗುವುದೇ ಕಷ್ಟ.

ರಾತ್ರಿಯಾದರೆ ದೂರದ ನಾಯಿಯೂ ಹತ್ತಿರ ಬಂದ ಹಾಗೆ ಕೇಳುತ್ತದೆ. ಹಗಲಿನ ಗದ್ದಲ ಇಲ್ಲ ಅನ್ನುವುದು ಒಂದು ಕಾರಣ. ಇನ್ನೊಂದು, ಚಳಿಗಾಲದ ರಾತ್ರಿ ನೆಲ ಬೇಗ ತಣ್ಣಗಾಗಿ ಕೆಳಗಿನ ಗಾಳಿ ತಂಪಾಗುತ್ತದೆ, ಮೇಲಿನದು ಬೆಚ್ಚಗಿರುತ್ತದೆ. ತಂಪು ಗಾಳಿಯಲ್ಲಿ ಸದ್ದು ನಿಧಾನ. ಹಾಗಾಗಿ ಮೇಲೆ ಹೋಗಬೇಕಿದ್ದ ಅಲೆ ಬಾಗಿ ಕೆಳಕ್ಕೇ ಬರುತ್ತದೆ. ಡಿಸೆಂಬರಿನಲ್ಲಿ ರೈಲಿನ ಕೂಗು ಎಲ್ಲೆಲ್ಲಿಗೋ ಕೇಳುವುದೂ ಇದರಿಂದಲೇ.

ಇದೇ ಹೊತ್ತಿನಲ್ಲಿ ನಾಯಿ ಊಳಿಟ್ಟರೆ ಮುಗಿಯಿತು. "ಅದಕ್ಕೆ ಯಮ ಕಾಣಿಸ್ತಾನೆ, ಬೀದೀಲಿ ಯಾರೋ ಹೋಗ್ತಾರೆ." ಎಂಜಿನಿಯರಿಂಗ್ ಓದಿದವರೂ ಹೀಗೆ ಹೇಳುವುದು ಕೇಳಿ ನನಗೆ ಬೇಜಾರಾಗಿದೆ. ಊಳು ತೋಳಗಳ ಕಾಲದ ಬಳುವಳಿ, ದೂರದಲ್ಲಿರುವ ತನ್ನವರಿಗೆ "ನಾನಿಲ್ಲಿದ್ದೀನಿ" ಅನ್ನುವ ಕೂಗು. ಆಂಬ್ಯುಲೆನ್ಸಿನ ಸೈರನ್ನಿಗೆ ನಾಯಿಗಳು ದನಿಗೂಡಿಸುವುದೂ ಅದಕ್ಕೇ. ಆಂಬ್ಯುಲೆನ್ಸ್ ಬಂದ ಮನೆಯಲ್ಲಿ ಮರುದಿನ ಏನಾದರೂ ಆದರೆ ಜನ ನಾಯಿಯನ್ನು ನೆನೆಯುತ್ತಾರೆ, ಸೈರನ್ನನ್ನಲ್ಲ. ಲೆಕ್ಕವನ್ನೇ ಹಾಕಿ. 2011ರ ಜನಗಣತಿಯಲ್ಲೇ ಮೈಸೂರಿನ ಜನಸಂಖ್ಯೆ 9 ಲಕ್ಷ ಇತ್ತು. ವರ್ಷಕ್ಕೆ ಸಾವಿರಕ್ಕೆ ಆರು ಅಂತ ಹಿಡಿದರೂ ದಿನಕ್ಕೆ ಹದಿನೈದು ಸಾವು. ನಾಯಿ ಊಳಿಟ್ಟರೂ ಅಷ್ಟೇ, ಬಿಟ್ಟರೂ ಅಷ್ಟೇ. ಊಳಿಟ್ಟು ಯಾರೂ ಸಾಯದ ರಾತ್ರಿಗಳನ್ನು ಯಾರೂ ಬರೆದಿಟ್ಟುಕೊಳ್ಳುವುದಿಲ್ಲ.

ಬೊಗಳುವುದಕ್ಕೆ ಇನ್ನೂ ಸರಳ ಕಾರಣ ಇದೆ. ಕೊರಿಯರ್ ಹುಡುಗ ಬರುತ್ತಾನೆ, ರಾಜ ಬೊಗಳುತ್ತಾನೆ, ಹುಡುಗ ಹೋಗುತ್ತಾನೆ. ಅವನು ಹೇಗೂ ಹೋಗುವವನೇ. ಆದರೆ ರಾಜನ ಲೆಕ್ಕದಲ್ಲಿ ಓಡಿಸಿದ್ದು ತಾನು. ಪ್ರತಿ ಸಲವೂ ಗೆದ್ದ ಹಾಗೆ. ಯಮ ಕಾಣಿಸ್ತಾನೆ ಅನ್ನುವವರ ತರ್ಕವೂ ಹೆಚ್ಚು ಕಡಿಮೆ ಇದೇ, ನಾಯಿಯನ್ನೇ ಯಾಕೆ ಬೈಯಬೇಕು?

ಇದಕ್ಕೆ ಮೈಸೂರಿನವರು ಹೊರಗೆ ಮದ್ದು ಹುಡುಕಬೇಕಾಗಿಲ್ಲ. ಜಂಬೂಸವಾರಿಯ ದಿನ 21 ಸುತ್ತು ಕುಶಾಲತೋಪು ಹಾರುವಾಗ ಆನೆ, ಕುದುರೆಗಳು ಬೆದರದೇ ನಿಲ್ಲುತ್ತವಲ್ಲ, ಅದಕ್ಕೆ ಮುಂಚೆಯೇ ಸಿಡಿಮದ್ದಿನ ತಾಲೀಮು ನಡೆಯುತ್ತದೆ. ಹೊಸ ಆನೆ ಮೊದಲ ಸಲ ಗಾಬರಿಯಾಗುತ್ತದೆ. ಸದ್ದು ಬರುತ್ತದೆ, ಏನೂ ಆಗುವುದಿಲ್ಲ, ಮತ್ತೆ ಬರುತ್ತದೆ, ಮತ್ತೆ ಏನೂ ಆಗುವುದಿಲ್ಲ. ಪಕ್ಕದಲ್ಲಿ ಮಾವುತ ಇರುತ್ತಾನೆ, ಅನುಭವಸ್ಥ ಆನೆಗಳಿರುತ್ತವೆ. ಮೆದುಳು ಆ ಸದ್ದನ್ನು ಪಟ್ಟಿಯಿಂದ ತೆಗೆದು ಹಾಕುತ್ತದೆ. ನಾನು ಮಾಡಿದ್ದು ಅದನ್ನೇ. ಲಿಫ್ಟಿನ ಸದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಯಜಮಾನಿಗೆ ಕೊಟ್ಟೆ. ಮೊದಲು ತೀರಾ ಸಣ್ಣಗೆ ಹಾಕಿ, ರಾಜ ಸುಮ್ಮನಿದ್ದರೆ ಬಿಸ್ಕತ್ತು. ದಿನಕ್ಕೆ ಇಷ್ಟಿಷ್ಟೇ ಜೋರು. ಬೊಗಳಿದರೆ ಬೈಗುಳವಿಲ್ಲ, ಸದ್ದು ಒಂದು ಹೆಜ್ಜೆ ಹಿಂದಕ್ಕೆ. ಹೊಡೆದರೆ ಲಿಫ್ಟಿನ ಸದ್ದಿಗೆ ಹೆದರಿಕೆಯೂ ಸೇರಿ ಬೊಗಳು ಇನ್ನಷ್ಟು ಬೆಳೆಯುತ್ತದೆ.

ಸಂಘದ ಮೀಟಿಂಗಿನಲ್ಲಿ ಒಬ್ಬರು "ನಾಯಿ ಸಾಕೋದನ್ನೇ ನಿಷೇಧಿಸಿ" ಅಂದರು. ಆಗದು. ಬಹುಮತ ಇದ್ದರೂ ಸಂಘ ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ, ಬೊಗಳುವುದು ಅದಕ್ಕೆ ಕಾರಣವೂ ಅಲ್ಲ ಅಂತ ಪ್ರಾಣಿ ಕಲ್ಯಾಣ ಮಂಡಳಿ 2015ರ ಮಾರ್ಗಸೂಚಿಯಲ್ಲೇ ಹೇಳಿದೆ. ಹಾಗಂತ ಉಳಿದ ಗದ್ದಲಕ್ಕೆ ಕಾನೂನು ಇಲ್ಲ ಅಂತಲ್ಲ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಮನೆಗಳಿರುವ ಕಡೆ ಹಗಲು 55, ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ 45 ಡೆಸಿಬೆಲ್ ಮಿತಿ. ನಡುರಾತ್ರಿ ಸ್ಪೀಕರ್ ಹಚ್ಚಿ ಕುಣಿಯುವವರಿಗೆ ಲೋಟ, ಗೋಣಿಚೀಲ ಎಲ್ಲ ಬೇಕಾಗಿಲ್ಲ, ಒಂದು ಸಲ ಹೇಳಿ, ಕೇಳದಿದ್ದರೆ ಪೊಲೀಸರಿಗೆ ಫೋನ್ ಮಾಡಿ.

ರಾಜನಿಗೆ ಆರು ವಾರ ಹಿಡಿಯಿತು. ಈಗ ಲಿಫ್ಟ್ ಬಂದರೆ ಕಿವಿ ಮಾತ್ರ ನಿಮಿರುತ್ತದೆ. ಕೊರಿಯರ್ ಹುಡುಗನನ್ನು ಮಾತ್ರ ಇನ್ನೂ ಓಡಿಸುತ್ತಾನೆ, ಆ ಗೆಲುವನ್ನು ಬಿಟ್ಟುಕೊಡಲು ತಯಾರಿಲ್ಲ. ಇತ್ತ ಎರಡು ವಾರದಿಂದ ಬೆಳಗ್ಗೆ ಐದಕ್ಕೆ ನಮ್ಮ ಮಲಗುವ ಕೋಣೆಯ ಗೋಡೆ ಗುರ್ ಅನ್ನುತ್ತಿದೆ. ಕಾಲಿನ ರಬ್ಬರ್ ಸವೆದ ಮಿಕ್ಸಿ ಇರಬೇಕು. ಲೋಟ ಇಟ್ಟು ನೋಡಿದೆ, ಪಿಲ್ಲರ್ ಈ ಸಲ ಮೇಲಕ್ಕೆ ಕೈ ತೋರಿಸುತ್ತಿದೆ. ಆ ಮನೆಯ ಬಾಗಿಲು ನಾಲ್ಕನೇ ಸಲ ತಟ್ಟುವುದು ಹೇಗೆ ಅಂತ ಯೋಚಿಸುತ್ತಿದ್ದೇನೆ.