ಮೊದಲು ಬಾಯಿ ಎಣಿಸಿ, ಆಮೇಲೆ ಗರಗಸ ಹಿಡಿಯಿರಿ

ವಾರಾಂತ್ಯದಲ್ಲಿ ನನಗೆ ಬರುವ ಫೋಟೊಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ನೀಲಿ ಬೆಳಕಿನಲ್ಲಿ ಉಬ್ಬಿಕೊಂಡು ಕೂತ ಬ್ರೈನ್ ಕೋರಲ್ (ಮೆದುಳಿನಂತೆ ಕಾಣುವ ಹವಳ), ಅದರ ನಡುವೆ ಫೋನಿನಲ್ಲೇ ಎಳೆದ ಕೆಂಪು ಗೆರೆ, ಕೆಳಗೆ ಒಂದು ಸಾಲು: "ಇಲ್ಲಿ ಕತ್ತರಿಸಿದ್ರೆ ಎರಡಾಗುತ್ತಲ್ವಾ?" ನಾನು ಕೇಳುವುದೂ ಒಂದೇ: ಅದಕ್ಕೆ ಬಾಯಿ ಎಷ್ಟಿವೆ? ಬಹಳ ಜನರಿಗೆ ಪ್ರಶ್ನೆಯೇ ಅರ್ಥವಾಗುವುದಿಲ್ಲ, ವರ್ಷಗಟ್ಟಲೆ ಹವಳ ಸಾಕಿದವರಿಗೂ.

ಫ್ಲೋರಿಡಾದ ಟ್ಯಾಂಪಾ ಸುತ್ತಮುತ್ತಲ ಮನೆಗಳಲ್ಲಿ ಹವಳ ಸಾಕುವ ಉಪ್ಪುನೀರಿನ ರೀಫ್ ಟ್ಯಾಂಕ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಗ್ರಾಹಕರಲ್ಲಿ ಕನ್ನಡದವರೂ ಇದ್ದಾರೆ. ಉಪ್ಪು, ಕ್ಯಾಲ್ಸಿಯಂ, ದೀಪ ಇವುಗಳ ಪಾಠ ಇಲ್ಲಿ ಮಾಡುವುದಿಲ್ಲ. ಆಲ್ಕಲಿನಿಟಿ, ಅಂದರೆ ನೀರಿನ ಕ್ಷಾರೀಯತೆ, 8ರಿಂದ 9 ಡಿಕೆಎಚ್ (ಅದನ್ನು ಅಳೆಯುವ ಮಾನ) ಒಳಗೆ ಅಲುಗದೆ ನಿಲ್ಲದ ಟ್ಯಾಂಕಿನಲ್ಲಿ ಕತ್ತರಿಸುವ ಮಾತೇ ಬೇಡ, ಅಷ್ಟು ಸಾಕು.

ತಪ್ಪು ತಿಳಿವಳಿಕೆ ಹುಟ್ಟುವುದು ಅಕ್ರೊಪೊರಾ ಎಂಬ ಕೊಂಬೆ ಹವಳದಿಂದ. ಅದರ ಕೊಂಬೆಯನ್ನು ಎಲ್ಲಿ ಮುರಿದು ಅಂಟಿಸಿದರೂ ದಾಸವಾಳದ ಟೊಂಗೆ ನೆಟ್ಟ ಹಾಗೆ ಚಿಗುರುತ್ತದೆ. ಕಾರಣ, ಬೆರಳುದ್ದದ ಆ ಕೊಂಬೆಯ ಮೇಲೆ ಸಾಸಿವೆಗಿಂತ ಸಣ್ಣ ಪಾಲಿಪ್‌ಗಳು, ಅಂದರೆ ಹವಳದ ಬಿಡಿ ಬಿಡಿ ಪ್ರಾಣಿಗಳು, ನೂರಾರು ಇರುತ್ತವೆ, ಪ್ರತಿಯೊಂದಕ್ಕೂ ಅದರದೇ ಬಾಯಿ ಇರುತ್ತದೆ. ಎಲ್ಲಿ ಮುರಿದರೂ ಎರಡೂ ಕಡೆ ಪೂರ್ತಿ ಪ್ರಾಣಿಗಳು ಉಳಿಯುತ್ತವೆ.

ಜನ ಆಸೆಪಟ್ಟು ಕೊಳ್ಳುವ ಓಪನ್ ಬ್ರೈನ್, ಅಂದರೆ ಟ್ರ್ಯಾಕಿಫಿಲಿಯಾ, ಹಾಗಲ್ಲ. ಅಂಗೈಯಗಲದ ಆ ಮಾಂಸಲ ದೇಹ ಎಷ್ಟೋ ಸಲ ಒಂದೇ ಪಾಲಿಪ್ ಆಗಿರುತ್ತದೆ. ಬಾಯಿ ಒಂದೇ, ಕೆಲವಕ್ಕೆ ಎರಡು ಮೂರು. ಆಹಾರ ಒಳಗೆ ಹೋಗುವುದೂ ಕಸ ಹೊರಗೆ ಬರುವುದೂ ಆ ಸೀಳಿನಿಂದಲೇ. ಒಂದೇ ಬಾಯಿಯ ಹವಳವನ್ನು ನಡುವೆ ಸೀಳಿದರೆ ಎರಡು ಹವಳ ಆಗುವುದಿಲ್ಲ, ಹರಿದ ಹೊಟ್ಟೆಯ ಎರಡು ತುಂಡು ಆಗುತ್ತವೆ. ಬಾಯಿಲ್ಲದ ತುಂಡು ಸಾಯಲೇಬೇಕು ಎಂದು ನಾನು ಹೇಳುವುದಿಲ್ಲ. ಹೊಸ ಬಾಯಿ ಮೂಡಿಸಿಕೊಂಡು ಬದುಕಿದ್ದನ್ನೂ ನೋಡಿದ್ದೇನೆ. ಆದರೆ ಅದನ್ನು ನಂಬಿ ಗರಗಸ ಹಿಡಿಯಿರಿ ಎಂದು ಯಾರಿಗೂ ಹೇಳಲಾರೆ.

ಪ್ಲಾಟಿಜೈರಾದಂಥ ಗುಂಡು ಬ್ರೈನ್‌ಗಳ ಲೆಕ್ಕ ಬೇರೆ. ಮೆದುಳಿನ ಸುರುಳಿಯಂತೆ ಕಾಣುವ ಕಣಿವೆಗಳ ತಳದಲ್ಲಿ ಬಾಯಿಗಳು ಸಾಲಾಗಿ ಇರುತ್ತವೆ. ಅಲ್ಲಿ ಗರಗಸ ದಿಣ್ಣೆಯ ಮೇಲೆ ಓಡಬೇಕು, ಕಣಿವೆಯೊಳಗಲ್ಲ. ಲೋಬೊಫಿಲಿಯಾ ಇನ್ನೂ ಸುಲಭ. ಮೇಲೆ ಒಂದೇ ಮುದ್ದೆಯಂತೆ ಕಂಡರೂ ತಿರುಗಿಸಿ ನೋಡಿದರೆ ಅಡಿಯಲ್ಲಿ ಎಲುಬಿನ ಕವಲುಗಳು ಬೇರೆ ಬೇರೆಯಾಗಿರುತ್ತವೆ. ಮಾಂಸ ಮುಟ್ಟದೆ ಆ ಕವಲುಗಳ ಬುಡದಲ್ಲೇ ಬಿಡಿಸಬಹುದು. ಕೈ ಪಳಗಬೇಕೆನ್ನುವವರು ಇಲ್ಲಿಂದ ಶುರು ಮಾಡಲಿ.

ಬಾಯಿ ಎಣಿಸಲು ಹಗಲು ಸಲ್ಲದು. ದೀಪ ಆರಿ ಗಂಟೆ ಕಳೆದ ಮೇಲೆ ಪಂಪ್ ನಿಲ್ಲಿಸಿ, ಮಂದ ಕೆಂಪು ಟಾರ್ಚ್ ಹಿಡಿದು, ಕರಗಿಸಿದ ಮೈಸಿಸ್ ಸೀಗಡಿಯನ್ನು ಪಿಪೆಟ್‌ನಲ್ಲಿ ಮೆಲ್ಲಗೆ ಬಿಡಿ. ಅಂಚಿನಿಂದ ಸಣ್ಣ ಎಳೆಗಳು ಹೊರಬಂದು ಸೀಗಡಿಯನ್ನು ಹಿಡಿಯುತ್ತವೆ, ಅದು ನಿಧಾನವಾಗಿ ಒಂದು ಸೀಳಿನ ಕಡೆಗೆ ಸರಿಯುತ್ತದೆ, ತುಟಿ ತೆರೆಯುತ್ತದೆ.

ನನ್ನೊಬ್ಬ ಗ್ರಾಹಕರ ತಾಯಿ ಹಾಸನದಿಂದ ಬಂದಿದ್ದರು. ನಿದ್ದೆ ಬಾರದ ರಾತ್ರಿಗಳಲ್ಲಿ ಟ್ಯಾಂಕಿನ ಮುಂದೆ ಕೂತು ಹವಳಕ್ಕೆ ಉಣಿಸುವುದೇ ಅವರ ಕೆಲಸವಾಗಿತ್ತು. ಮಗ ಕತ್ತರಿಸಲು ನನ್ನನ್ನು ಕರೆಸಿದ ದಿನ ಅವರೇ ಹೇಳಿದರು: "ಇದಕ್ಕೆ ಮೂರು ಬಾಯಿ ಇವೆಯಪ್ಪ, ಈ ಮೂಲೆಯದ್ದು ಮಾತ್ರ ಒಂದು ವಾರದಿಂದ ಉಣ್ತಾ ಇಲ್ಲ." ಮಗ ಬೇರ್ಪಡಿಸಬೇಕೆಂದಿದ್ದದ್ದು ಅದೇ ಮೂಲೆಯನ್ನು. ಉಣ್ಣದ ಬಾಯಿ ಗಾಯ ಮಾಯಿಸಿಕೊಳ್ಳಲಾರದು. ಆವತ್ತು ನಾನು ಗರಗಸವನ್ನು ಕಾರಿನಿಂದ ಇಳಿಸಲಿಲ್ಲ. ಇಷ್ಟು ಗಮನವಿಟ್ಟು ನೋಡುವ ಗ್ರಾಹಕರು ನನಗೆ ಸಿಗುವುದು ಅಪರೂಪ.

ಈಚೆಗೆ ಇನ್ನೊಂದು ಕಾಟ: "ಮೋಟ್‌ನವರು ಚೂರು ಚೂರು ಮಾಡಿ ಬೆಳೆಸುತ್ತಾರಲ್ಲ, ನಾವೇಕೆ ಮಾಡಬಾರದು?" ಮಾತು ನಿಜವೇ. ನಮ್ಮ ಇದೇ ರಾಜ್ಯದ ಮೋಟ್ ಮರೀನ್ ಲ್ಯಾಬೊರೇಟರಿಯಲ್ಲಿ ಡೇವಿಡ್ ವಾನ್ ಅವರ ತೊಟ್ಟಿಯ ತಳಕ್ಕೆ ಅಂಟಿಕೊಂಡಿದ್ದ ಎಲ್ಕ್‌ಹಾರ್ನ್ ಹವಳ ಎತ್ತುವಾಗ ಮುರಿಯಿತು, ಉಳಿದ ಚೂರುಗಳು ಯಾರೂ ನಿರೀಕ್ಷಿಸದ ವೇಗದಲ್ಲಿ ಬೆಳೆದವು. ಹವಳವನ್ನು ಚೂರು ಮಾಡಿ ಬೆಳೆಸುವ ಈ ವಿಧಾನ, ಮೈಕ್ರೊಫ್ರ್ಯಾಗ್ಮೆಂಟೇಶನ್, ಹುಟ್ಟಿದ್ದು ಅಲ್ಲಿಂದ. ಒಂದೇ ತಾಯಿಯ ಚೂರುಗಳನ್ನು ಹತ್ತಿರ ಹತ್ತಿರ ಅಂಟಿಸಿದರೆ ಬೆಳೆದು ಕೂಡಿಕೊಳ್ಳುತ್ತವೆ. ಆದರೆ ಸಣ್ಣ ಪಾಲಿಪ್‌ಗಳ ಹವಳದಲ್ಲಿ ಒಂದು ಸೆಂಟಿಮೀಟರ್ ಚೂರಿನಲ್ಲೂ ಬಾಯಿಗಳಿರುತ್ತವೆ. ನಿಮ್ಮ ಟ್ರ್ಯಾಕಿಫಿಲಿಯಾದ ಅಷ್ಟೇ ಗಾತ್ರದ ಚೂರು ಬರೀ ತೊಗಲು. ದಯವಿಟ್ಟು ಇದೊಂದನ್ನು ತಲೆಯಲ್ಲಿಟ್ಟುಕೊಳ್ಳಿ.

ಕತ್ತರಿಸುವ ಕೆಲಸ ಚಿಕ್ಕದು. ತಂದ ವಾರದಲ್ಲೇ ಬೇಡ, ಕೆಲವು ತಿಂಗಳು ಉಂಡು ನೆಲೆಯೂರಲಿ. ಮಾಂಸ ಪೂರ್ತಿ ಕುಗ್ಗಿದ ಮೇಲೆ ಡೈಮಂಡ್ ಬ್ಯಾಂಡ್ ಸಾ ಎಂಬ ಗರಗಸದಲ್ಲಿ, ಟ್ಯಾಂಕಿನದೇ ನೀರು ಹನಿಸುತ್ತಾ, ಒಂದೇ ಸಲಕ್ಕೆ ಕೊಯ್ಯಿರಿ. ಇಕ್ಕಳದಲ್ಲಿ ಅದುಮಿದರೆ ಚೂಪಾದ ಎಲುಬಿನ ಅಂಚುಗಳೇ ಮಾಂಸ ಸೀಳುತ್ತವೆ. ಕನ್ನಡಕ, ಕೈಗವಸು ಕಡ್ಡಾಯ. ಅದೇ ಕಲ್ಲಿನ ಮೇಲೆ ಜೊಆಂತಿಡ್ (ಹವಳದ ಹತ್ತಿರದ ಬಳಗದ ಮೆತ್ತನೆ ಜೀವಿ) ಇದ್ದರೆ ಅದರಲ್ಲಿ ಪ್ಯಾಲಿಟಾಕ್ಸಿನ್ ಎಂಬ ಕಡುವಿಷ ಇರಬಹುದು. ಗರಗಸದ ತುಂತುರು ಕಣ್ಣಿಗೆ ಹಾರಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಇದರಲ್ಲಿ ಧೈರ್ಯ ತೋರಿಸುವುದು ಏನೂ ಇಲ್ಲ.

ತುಂಡುಗಳು ಸಾಯುವುದು ಹೆಚ್ಚಾಗಿ ಆಮೇಲೆ. ಹುಷಾರಾಗಲಿ ಎಂದು ಜೋರು ಬೆಳಕಿಗೆ ಇಡುತ್ತಾರೆ, ಪಂಪ್‌ನ ನೇರಕ್ಕೆ ಇಡುತ್ತಾರೆ. ಮಂದ ಬೆಳಕು, ಮೆಲ್ಲನೆ ಹರಿವು, ಟ್ರ್ಯಾಕಿಫಿಲಿಯಾ ಆದರೆ ಮರಳಿನ ಹಾಸು. ಕೊಯ್ದ ಅಂಚಿನಲ್ಲಿ ಕಂದು ಲೋಳೆ ಕಂಡರೆ ಆ ತುಂಡನ್ನು ಕೂಡಲೇ ಬೇರೆ ಪಾತ್ರೆಗೆ ಹಾಕಿ, ಅದು ಪಕ್ಕದ ಹವಳಕ್ಕೂ ಹಬ್ಬುತ್ತದೆ. ಅಂಚು ದುಂಡಗಾಗಿ ಮಾಂಸ ಮತ್ತೆ ಉಬ್ಬಿ, ತಾನಾಗಿ ಉಣ್ಣತೊಡಗುವವರೆಗೆ ಯಾರಿಗೂ ಕೊಡಬೇಡಿ, ಮಾರಲೂಬೇಡಿ.

ಕೊನೆಗೆ ಕಾನೂನು. ಫ್ಲೋರಿಡಾದ ಕಡಲಿನಿಂದ ಗಟ್ಟಿ ಹವಳವನ್ನು ಒಂದು ಚೂರೂ ಎತ್ತುವಂತಿಲ್ಲ. 2014ರಲ್ಲಿ ಮಯಾಮಿ ಬಳಿ ಕಾಣಿಸಿದ ಅಂಗಾಂಶ ನಾಶದ ರೋಗ ಇಲ್ಲಿನ ಬ್ರೈನ್ ಕೋರಲ್‌ಗಳನ್ನು ಸುಟ್ಟುಹಾಕಿದೆ, ಉಳಿದವನ್ನು ಮುಟ್ಟದಿರುವುದೇ ನಾವು ಮಾಡಬಹುದಾದದ್ದು. ಟ್ಯಾಂಕಿನದ್ದನ್ನು ಸೂಟ್‌ಕೇಸಿನಲ್ಲಿ ಬೆಂಗಳೂರಿಗೆ ಒಯ್ಯಬಹುದಾ ಎಂದೂ ಕೇಳುತ್ತಾರೆ. ಗಟ್ಟಿ ಹವಳಗಳೆಲ್ಲ ಸೈಟಿಸ್ ಎಂಬ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಪಟ್ಟಿಯಲ್ಲಿವೆ, ಪರವಾನಗಿ ಇಲ್ಲದೆ ಗಡಿ ದಾಟುವಂತಿಲ್ಲ. ಭಾರತದಲ್ಲಿ ಅವು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಹುಲಿಗೆ ಇರುವ ರಕ್ಷಣೆಯ ಸಾಲಿನಲ್ಲೇ. ಮುರುಡೇಶ್ವರದಿಂದ ನೇತ್ರಾಣಿಗೆ ಡೈವಿಂಗ್ ಹೋದವರಿಗೂ ಇದು ಅನ್ವಯಿಸುತ್ತದೆ. ಟ್ಯಾಂಕ್ ಬಿಚ್ಚಿ ಊರಿಗೆ ಹೊರಡುವವರು ಹವಳವನ್ನು ಇಲ್ಲಿನ ಹವ್ಯಾಸಿಗಳಿಗೇ ಕೊಟ್ಟು ಹೋಗಿ; ಚೆನ್ನಾಗಿ ನೋಡಿಕೊಳ್ಳುವವರನ್ನು ನಾನು ಹುಡುಕಿಕೊಡುತ್ತೇನೆ.